ಅಗಲ ಬಾಯಿಯ ನೀಲಿ ಗಾಜು

ಶಹಾಬಾದಿನ ದೊಡ್ಡಂಗಡಿಯಲ್ಲಿ ಚಾದರ, ಗಾಜಿನ ಸಾಮಾನು ಎಲ್ಲವನ್ನೂ ಅರ್ಧ ಬೆಲೆಗೆ ಮಾರುತ್ತಿದ್ದರು. ಎರಡು ಚಾದರ ಬಗಲಲ್ಲಿ ಅವುಚಿಕೊಂಡು ಸೂಗಮ್ಮ ಪಾಳಿಯಲ್ಲಿ ನಿಂತಿದ್ದಳು. ಅವಳ ಮುಂದೆ ನೀಲಾಬಾಯಿ, ಕೈಯಲ್ಲಿ ಅಗಲ ಬಾಯಿಯ ನೀಲಿ ಗಾಜಿನ ಪಾತ್ರೆ. ನೀಲಾಬಾಯಿಯ ನೆರೆಮನೆಯ ಅಮೀರ್ಬೀ ಆ ಪಾತ್ರೆಯನ್ನೇ ದಿಟ್ಟಿಸುತ್ತಿದ್ದಳು.

“ಯಾಕ ಹಂಗ ನೋಡಲಿಕತ್ತಿ, ಅಮೀರ್ಬೀ?” ಎಂದಳು ನೀಲಾಬಾಯಿ.

“ಯಕ್ಕಾ, ನಿಮ್ಮನ್ಯಾಗ ಎಲಿ-ಅಡಕಿ ಯಾರು ತಿಂತಾರ?”

“ಯಾರೂ ಇಲ್ಲ.”

“ಮತ್ತ ಪೀಕದಾನಿ ಯಾಕ ತಗೊಂಡಿ?”

“ಪೀಕದಾನಿ? ಇದಾ?”

“ಜಾಗೀರ್ದಾರರ ವಾಡೇದಾಗ ಎಲಿ-ಅಡಕಿ ಉಗುಳಲಿಕ್ಕೆ ಇಂಥಾದ್ದೇ ಇಡ್ತಿದ್ರು. ಹತ್ತು ವರ್ಷ ನಾನೇ ತೊಳದೀನಿ.”

“ಶಿವಶಿವಾ! ಹೋದ ವಾರ ಒಂದು ಒಯ್ದೀನಲ್ಲ! ಮಗಳನ್ನ ನೋಡಾಕ ಬಂದವರಿಗೆ ಅದರಾಗೇ ಬಾಸುಂದಿ ಇಟ್ಟಿದ್ದೆ!”

“ಯಾ ಅಲ್ಲಾ! ತಿಂದ್ರೇನು?”

“ಎಲ್ಲಾರೂ ಬಾಯಿ ಚಪ್ಪರಿಸಿ ತಿಂದ್ರು. ಹುಡುಗನ ಅಪ್ಪ ಒಬ್ಬರೇ ಉಪಾಸ ಅಂದ್ರು.”

“ಅವರೇನು ಮಾಡ್ತಾರ?”

“ಮೊದಲ ಜಾಗೀರ್ದಾರರ ಕಚೇರ್ಯಾಗ ಇದ್ರು.”

ಅಮೀರ್ಬೀ ಬಾಯಿಗೆ ಸೆರಗು ಒತ್ತಿಕೊಂಡಳು.

“ಲಗ್ನದ ಮಾತು ಮುರೀತೇನು?”

“ಇಲ್ಲ. ಹುಡುಗಿ ಪಸಂದ ಅದಾಳ, ಬಾಂಡೆ-ಪಾತ್ರಿ ಮಾತ್ರ ಏನೂ ಕೊಡಬ್ಯಾಡ್ರಿ ಅಂತ ಹೇಳಿ ಕಳಿಸ್ಯಾರ. ಭಾಳ ದೊಡ್ಡ ಮನಸಿನ ಮಂದಿ ಅಂತ ಊರೆಲ್ಲಾ ಹೇಳ್ಕೊಂಡು ಬಂದೀನಲ್ಲೇ, ಯವ್ವಾ!”

ನೀಲಾಬಾಯಿ ಪಾತ್ರೆಯನ್ನು ಇದ್ದಲ್ಲೇ ಇಟ್ಟು, ಅಮೀರ್ಬೀಯ ಕೈ ಹಿಡಿದು ಎಳೆದುಕೊಂಡು ಹೊರಗೆ ನಡೆದಳು.

“ಮುಂದ ಬರ್ರಿ” ಎಂದು ಅಂಗಡಿಯವನು ಎರಡು ಸಲ ಕರೆದರೂ ಸೂಗಮ್ಮ ನಿಂತಲ್ಲಿಂದ ಕದಲಲಿಲ್ಲ. ಅಂಥದ್ದೇ ನೀಲಿ ಪಾತ್ರೆಯೊಂದನ್ನು ಮೊನ್ನೆ ಸೋಮವಾರ, ಪ್ರಸಾದದ ಕಲ್ಲುಸಕ್ಕರೆ ಇಡಲೆಂದು, ಅವಳು ಮಠಕ್ಕೆ ಕೊಟ್ಟು ಬಂದಿದ್ದಳು.