ಎಡಮಗ್ಗುಲ ಹರುಕು

ಏಪ್ರಿಲ್ ಕೊನೆಗೆ ಕೋಯಿಂಬ್ರಾದಲ್ಲಿ ಹಿಡಿದ ಮಳೆ ಬಿಡುವ ಲಕ್ಷಣವೇ ಕಾಣಲಿಲ್ಲ. ಹಳೇ ಕೆಥೀಡ್ರಲ್ ಹಿಂದಿನ ಏರುಗಲ್ಲಿಯಲ್ಲಿ ನೀರು ಹಳ್ಳದ ಹಾಗೆ ಧುಮುಕಿ ಇಳಿಯುತ್ತಿತ್ತು. ಕೋಣೆಗಳನ್ನು ಬಾಡಿಗೆಗೆ ಕೊಡುವ ಮುದುಕಿ ದೋನಾ ಎರ್ಮೆಲಿಂದಳ ಮನೆಯ ಕಲ್ಲುಗೋಡೆಗಳು ಬೆವರುತ್ತಿದ್ದವು. ಬಾಡಿಗೆಗಿದ್ದ ವಿದ್ಯಾರ್ಥಿಗಳ ಕಾಲುಚೀಲಗಳು ಅಡುಗೆಮನೆಯ ಹಗ್ಗದಲ್ಲಿ ಒಣಗಲಾರದೆ ನೇತಾಡುತ್ತಿದ್ದವು. ಇಡೀ ಮನೆಯಲ್ಲಿ ಬೆಚ್ಚಗಿದ್ದ ಜಾಗವೆಂದರೆ ಅಡುಗೆಮನೆಯ ದುಂಡು ಮೇಜು ಒಂದೇ. ಅದರಡಿ ಕೆಂಡದ ಬಟ್ಟಲು, ಮೇಲಿಂದ ನೆಲ ಮುಟ್ಟುವ ದಪ್ಪ ಬಟ್ಟೆ. ಆ ಬಟ್ಟೆಯೊಳಗೆ ಕಾಲು ತೂರಿಸಿ ಕೂತವರಿಗೆ ಏಳುವ ಮನಸ್ಸೇ ಆಗದು.

ಬಲ್ಗೇರಿಯಾದ ನೆವೇನಾಳಿಗಂತೂ ಮೊದಲೇ ಚಳಿ ಜಾಸ್ತಿ. ಆರು ತಿಂಗಳ ಓದಿಗೆಂದು ಬಂದವಳು ಸಾರಿನ ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದಳು. ಎದುರಿಗೆ ಕಾನೂನು ಓದುವ ಗಾಸ್ಪಾರ್. ಅದೇ ಊರಿನವನು, ಊಟಕ್ಕೆ ಮಾತ್ರ ಇಲ್ಲಿ ವಕ್ಕರಿಸುತ್ತಿದ್ದ. ಮುಂದಿನ ವಾರ ವಿದ್ಯಾರ್ಥಿಗಳ ಹಬ್ಬ. ಹೆಗಲಿನಿಂದ ಹಿಮ್ಮಡಿಯವರೆಗೆ ಇಳಿಬೀಳುವ ಕರಿ ಉಣ್ಣೆಯ ಹೊದಿಕೆ, ಅವರು ಕಾಪಾ ಎನ್ನುವುದು, ಊರಿಗೆ ಊರೇ ತುಂಬಿಕೊಳ್ಳುವ ಕಾಲ. ಗಾಸ್ಪಾರ್ ತನ್ನದನ್ನು ಮೇಜಿನ ಮೇಲೆ ಹರಡಿ ಹೊಸಬರಿಗೆ ಪಾಠ ಮಾಡುತ್ತಿದ್ದ.

"ಎಡಗಡೆ ಅಂಚು ಮನೆಯವರಿಗೆ. ಇದು ಅಮ್ಮ ಹರಿದದ್ದು, ಇದು ಅಪ್ಪ. ಕತ್ತರಿ ಮುಟ್ಟೋ ಹಾಗಿಲ್ಲ, ಹಲ್ಲಲ್ಲೇ ಕಚ್ಚಿ ಹರೀಬೇಕು. ಬಲಗಡೆ ಸ್ನೇಹಿತರು. ನಡುವೆ..."

"ನಡುವೆ ಬರೀ ಹೊಲಿಗೇನೇ ಇದೆಯಲ್ಲೋ," ಎಂದಳು ನೆವೇನಾ.

"ನಡುವಿಂದು ಪ್ರೀತಿಸಿದೋಳಿಗೆ. ಬಿಟ್ಟು ಹೋದ್ರೆ ಹೊಲಿದು ಮುಚ್ಚೋದು. ನಾನೇನು ಮಾಡ್ಲಿ, ನನ್ನ ಹಣೆಬರಹ."

"ಇದು ಕಾಪಾನೋ ಜರಡಿಯೋ?" ಎಂದು ಯಾರೋ ಛೇಡಿಸಿದರು. ಎಲ್ಲರೂ ನಕ್ಕರು. ನಗು ನಿಲ್ಲುವಷ್ಟರಲ್ಲಿ ಮೇಜಿನ ಆ ಬದಿಯಿಂದ, ಹೊಸದು ಯಾಕೆ ಕೊಳ್ಳಬೇಕು, ಯಾರದಾದರೂ ಹಳೇದು ಹೊದ್ದರೆ ಸಾಲದೇ ಎಂಬ ಮಾತು ಬಂತು.

ಆಲೂಗಡ್ಡೆ ಸುಲಿಯುತ್ತಿದ್ದ ದೋನಾ ಎರ್ಮೆಲಿಂದಳ ಚಾಕು ನಿಂತಿತು.

"ಹೊದ್ಕೊಳ್ಳಿ," ಎಂದಳು ಮುದುಕಿ. "ಚಳಿಗೆ ಹೊದ್ಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ನಿಮ್ಮೋರ ಹಲ್ಲು ಅದಕ್ಕೆ ತಾಗಿಸ್ಬೇಡಿ. ಹರಿದೋರು ಯಾರಿಗೆ ಸೇರ್ತಾರೆ ಗೊತ್ತಾ? ಹೊದ್ದೋರಿಗಲ್ಲ, ಅದು ಯಾರದ್ದೋ ಅವರಿಗೆ. ನಗ್ಬೇಡ ಗಾಸ್ಪಾರ್, ನಿಂಗೆ ಸಾರು ಹಾಕೋ ಕೈ ಇದು... ಸುಮ್ನೆ ಕೇಳು.

"ನಮ್ಮ ಅತ್ತೆ ಈ ಮನೆ ನಡೆಸ್ತಿದ್ದ ಕಾಲದಲ್ಲಿ ಅಬೀಲಿಯು ಅಂತ ಒಬ್ಬ ವಿದ್ಯಾರ್ಥಿ ಇದ್ದ. ಬ್ರಗಾನ್ಸಾ ಕಡೆ ಅನಾಥಾಲಯದೋನು. ಅಪ್ಪ ಇಲ್ಲ, ಅಮ್ಮ ಇಲ್ಲ, ಮಾತಾಡ್ಸೋ ಒಂದು ನಾಯೀನೂ ಇಲ್ಲ. ಹಬ್ಬಕ್ಕೆ ಎಲ್ಲರ ಅಮ್ಮಂದಿರೂ ಬಂದು ಮಕ್ಕಳ ಕಾಪಾ ಕಚ್ಚಿ ಹರಿದು, ಅತ್ತು, ತಬ್ಕೊಂಡು, ಸಂಭ್ರಮ ಪಡ್ತಿದ್ರೆ, ಇವನು ಕಿಟಕೀಲಿ ನಿಂತು ನೋಡೋನಂತೆ... ಹಲ್ಲು ಕಚ್ಕೊಂಡು. ಆಸೆ ಅಲ್ಲ ಮಕ್ಕಳೇ, ಹೊಟ್ಟೆಕಿಚ್ಚು. ಒಂದು ಚಳಿಗಾಲ ಎದೆಯಲ್ಲಿ ಕಫ ಕಟ್ಟಿ ಸತ್ತ. ಕಾಪಾ ಹೊದಿಸಿ ಮಣ್ಣು ಮಾಡ್ಬೇಕಿತ್ತು, ಹೊದಿಸೋರು ಯಾರು? ಅದು ಮೇಲಿನ ಕೋಣೆ ಕಪಾಟಿನಲ್ಲೇ ಉಳೀತು. ಅಷ್ಟು ವರ್ಷ ನೇತಾಡಿದ ಉಣ್ಣೆಗೆ ಒಂದು ಹುಳ ಬಿದ್ದಿಲ್ಲ. ಒಂದು ತೂತಿಲ್ಲ. ಹಂಗಿರೋಕೆ ಆಗತ್ತಾ, ನೀವೇ ಹೇಳಿ?

"ಆಮೇಲೆ ಇಲ್ಜೆ ಬಂದ್ಲು. ಲಾಟ್ವಿಯಾದ ಹುಡುಗಿ, ಸಮುದ್ರದಂಡೆ ಊರು ಲೀಪಾಯ. ನಿಮ್ಹಾಗೇನೇ ಆರು ತಿಂಗಳ ಓದಿಗೆ. ಮನೇಲಿ ಅಮ್ಮ ಮಗಳು ಇಬ್ಬರೇ. ಅವಳಮ್ಮ ಅಯ್ನಾ ಅಂತ, ಶಾಲೇಲಿ ಫ್ರೆಂಚ್ ಹೇಳ್ಕೊಡೋಳು. ನಾನು ಅಷ್ಟು ವರ್ಷ ಫ್ರಾನ್ಸಲ್ಲಿ ಮನೆಗೆಲಸ ಮಾಡಿದೋಳಲ್ವಾ, ಹಂಗಾಗಿ ನಮ್ಮಿಬ್ಬರ ಮಾತು ಚೆನ್ನಾಗಿ ಕುದುರ್ತಿತ್ತು. ಪ್ರತಿ ಭಾನುವಾರ ಈ ಮೆಟ್ಟಿಲ ಹತ್ರದ ಫೋನಿಗೆ ಅವಳ ಕರೆ. ಇಲ್ಜೆ ಮೆಟ್ಟಿಲ ಮೇಲೆ ಕೂತು ಮೊಣಕಾಲು ತಬ್ಕೊಂಡು ಮಾತಾಡೋಳು, ನಗೋಳು... ಅದೇ ಅವಳ ವಾರದೂಟ ಅನ್ನಿ.

"ಹಬ್ಬ ಬಂತು. ಕಪಾಟಿನಲ್ಲಿದ್ದ ಕಾಪಾ ತೆಗೆದು ಹೊದ್ಕೊಂಡು ಇಳಿದು ಬಂದ್ಲು. 'ಸತ್ತೋನದ್ದು ಕಣೇ, ಅಲ್ಲೇ ಇಡು' ಅಂದೆ. 'ಸತ್ತೋರಿಗೆ ಚಳಿ ಆಗಲ್ಲ ದೋನಾ' ಅಂತ ನಕ್ಕಳು. ಅಮ್ಮನೂ ಊರಿಂದ ಬಂದ್ಲು. ನಾನು ಮೀನು ತರೋಕೆ ಹೋಗಿ ಬರೋಷ್ಟರಲ್ಲಿ ಅಂಗಳದಲ್ಲಿ ಅಯ್ನಾ ಬಾಯಿಂದ ಕರಿ ನೂಲು ಉಗೀತಿದ್ಲು. ಎಡಗಡೆ ಅಂಚು ಗೇಣುದ್ದ ಹರಿದಿತ್ತು.

"ಮಾರನೇ ದಿನ ರೈಲು ಹತ್ತೋವಾಗ ನೋಡ್ದೆ... ಅಯ್ನಾ ಮಗಳ ಮುಖ ನೋಡಲೇ ಇಲ್ಲ. ಕಾಪಾದ ಭುಜ ಸವರಿದ್ಲು. ಕಾಲರಿಗೆ ಮುತ್ತು ಕೊಟ್ಲು. ಇಲ್ಜೆ ಕೆನ್ನೆ ಒಡ್ಡಿದ್ರೆ, ಅಪರಿಚಿತರು ಅಡ್ಡ ಬಂದ್ರೆ ಸರೀತೀವಲ್ಲ, ಹಂಗೆ ಪಕ್ಕಕ್ಕೆ ಸರಿದ್ಲು.

"ಆ ಭಾನುವಾರ ಫೋನೆತ್ತಿದ್ದು ನಾನು. 'ಅಬೀಲಿಯುನ ಕರೀರಿ' ಅಂದ್ಲು. ಆ ಹೆಸರು ನಾನು ಇಲ್ಜೆಗೂ ಹೇಳಿರ್ಲಿಲ್ಲ! ರಿಸೀವರು ಕೈ ಜಾರಿ ನೇತಾಡ್ತಿತ್ತು. ಅದರಿಂದ ಅಯ್ನಾ ದನಿ ಬರ್ತಾನೇ ಇತ್ತು. 'ಊಟ ಆಯ್ತಾ ಮಗನೇ' ಅಂತಾಳೆ, ಸುಮ್ಮನಾಗ್ತಾಳೆ, ಉತ್ತರ ಕೇಳಿಸ್ಕೊಂಡೋಳ ಹಾಗೆ ಹ್ಞೂಂ ಅಂತಾಳೆ, ಜೋರಾಗಿ ನಗ್ತಾಳೆ. ಯಾರ ಜೊತೆ? ಫೋನ್ ಹತ್ರ ಯಾರಿದ್ರು, ಹೇಳಿ? ಇಲ್ಜೆ ಓಡಿ ಬಂದು ಕಿತ್ಕೊಂಡ್ಲು. 'ಅಮ್ಮಾ, ನಾನು, ಇಲ್ಜೆ!'

"ಆಕಡೆ ದನಿ ತಣ್ಣಗಾಯ್ತು. 'ಯಾರಮ್ಮ ನೀನು? ನನ್ನ ಮಗನ ಹಿಂದೆ ಬಿದ್ದಿರೋ ಹುಡುಗೀನಾ? ಮಾನ ಇದ್ರೆ ಅವನನ್ನ ಬಿಡು.'

"ಇಲ್ಜೆ ಅಳಲಿಲ್ಲ. ಸೂಜಿ ತಂದು ಆ ಹರುಕು ಹೊಲಿಯೋಕೆ ಕೂತ್ಲು. 'ಹೊಲಿದ್ರೆ ಸಂಬಂಧ ಕಡೀತು ಅಂತಾರಲ್ಲ ದೋನಾ, ಅವನಿಗೂ ನಮ್ಮಮ್ಮಂಗೂ ಕಡೀಲಿ' ಅಂತ, ಬೆರಳು ಚುಚ್ಕೊಂಡು ರಕ್ತ ಬಂದ್ರೂ ಬಿಡದೆ, ಇರುವೆ ನುಸುಳದ ಹಾಗೆ ಹೊಲಿದ್ಲು. ಬೆಳಿಗ್ಗೆ ಹೋಗಿ ನೋಡಿದ್ರೆ ನೂಲೆಲ್ಲ ನೆಲದ ಮೇಲೆ ಚೂರುಚೂರು. ಕೈಗೆತ್ಕೊಂಡೆ... ಒದ್ದೆ. ಯಾರೋ ಜಗಿದು ಉಗಿದಿದ್ರು. ಹರುಕು ಇನ್ನೂ ಒಂದು ಗೇಣು ಉದ್ದ ಆಗಿತ್ತು.

"ಓದು ಮುಗೀತು. ಊರಿಗೆ ಹೊರಟ ದಿನ ಕಪಾಟು ತೆಗೆದ್ರೆ ಕಾಪಾ ಇಲ್ಲ. ಲೀಪಾಯದಲ್ಲಿ ಅವಳಮ್ಮ ಬಾಗಿಲ ಸರಪಳಿ ತೆಗೀದೇನೇ ಸಂದಿಯಿಂದ ನೋಡಿದ್ಲಂತೆ. ಹಿಂದೆ ಊಟದ ಮೇಜಲ್ಲಿ ಯಾರೋ ಬೆನ್ನು ತಿರುಗಿಸಿ ಕೂತಿದ್ನಂತೆ, ಕರಿ ಹೊದ್ದು. ಮನೆಯೊಳಗೆ, ಬೇಸಿಗೇಲಿ, ಉಣ್ಣೆ ಹೊದ್ದು! 'ಮಗ ಪರದೇಶದಿಂದ ಬಂದು ದಣಿದಿದ್ದಾನೆ. ಇನ್ನೊಂದು ಸಲ ಬಂದ್ರೆ ಪೊಲೀಸರನ್ನ ಕರೀತೀನಿ' ಅಂದು ಕದ ಹಾಕಿದ್ಲಂತೆ. ಇಲ್ಜೆ ಮೆಟ್ಟಿಲ ಮೇಲೇ ಕೂತು ಬಡಿದ್ಲು, ಕೂಗಿದ್ಲು, ಚಿಕ್ಕೋಳಿದ್ದಾಗಿನ ಹಾಡು ಹಾಡಿದ್ಲು... ಒಳಗೆ ಬ್ರೆಡ್ಡು ಕೊಯ್ಯೋ ಸದ್ದು ಮಾತ್ರ.

"ಮಳೆಗಾಲಕ್ಕೆ ಇಲ್ಲಿಗೇ ವಾಪಸ್ ಬಂದ್ಲು. ಅವಳ ಗುರುತು ಹಿಡಿಯೋಳು ಭೂಮಿ ಮೇಲೆ ನಾನೊಬ್ಬಳೇ, ಆ ಅಂಚನ್ನ ನಾನು ಕಚ್ಚಿರ್ಲಿಲ್ಲ ನೋಡಿ. ಮೇಲಿನ ಕೋಣೆ ಕೊಟ್ಟೆ. ಒಂದು ಹೊಸ ಕಾಪಾ ತಂದು ಅದೇ ಕಪಾಟಿನಲ್ಲಿ ನೇತು ಹಾಕಿದ್ಲು. ಎಡಗಡೆ ಅಂಚು ಖಾಲಿ, ಯಾರದಾದ್ರೂ ಅಮ್ಮ ಕಚ್ಚೋಕೆ ಕಾಯ್ತಿದೆ."

ಗಾಸ್ಪಾರ್ ಮೇಲಕ್ಕೆ ಬೆರಳು ತೋರಿಸಿದ. "ಅಜ್ಜಿ, ಮೇಲಿನ ಕೋಣೇಲಿ ಯಾರೂ ಇಲ್ವಲ್ಲ."

"ನಿನ್ನ ಪಾಲಿಗಿಲ್ಲ. ನಿಮ್ಮಮ್ಮ ಕೆಳಗಿನ ಬೀದೀಲೇ ಇದ್ದಾಳೆ, ದಿನಾ ಬಂದು ಕಿವಿ ಹಿಂಡ್ತಾಳೆ. ನಿನ್ನ ಕಟ್ಕೊಂಡು ಇಲ್ಜೆಗೇನಾಗ್ಬೇಕು? ಅವಳು ಮಾತಾಡ್ಸೋದು ದೂರದಿಂದ ಬಂದೋರನ್ನ. ಒಳ್ಳೇ ಹುಡುಗಿ, ಮಾತು ಮೃದು. ಆದ್ರೆ ಎಷ್ಟು ವರ್ಷ ಆಯ್ತು... ಒಂದು ಸುಕ್ಕು ಬಿದ್ದಿಲ್ಲ ಮುಖದಲ್ಲಿ. ಬದುಕಿದ್ದೀಯಾ ಅಂತ ನಾನೂ ಕೇಳಿಲ್ಲ."

ನೆವೇನಾ ಬಟ್ಟಲನ್ನು ಮೇಜಿನ ಮೇಲಿಟ್ಟಳು. ಮೇಜಿನ ಬಟ್ಟೆಯೊಳಗಿಂದ ಕಾಲು ಹೊರಗೆಳೆದುಕೊಂಡಳು. ಮಧ್ಯಾಹ್ನ ಮೆಟ್ಟಿಲಲ್ಲಿ ಸಿಕ್ಕ ಗುಂಗುರು ರೆಪ್ಪೆಯ ಹುಡುಗಿಯೊಬ್ಬಳು ಅವಳ ಕೈಗೆ ಒಂದು ಕಾಪಾ ಇಟ್ಟಿದ್ದಳು. ನಿನ್ನ ಅಳತೆಗೆ ಸರಿಹೋಗುತ್ತದೆ, ಹಬ್ಬ ಮುಗಿಸಿ ಕೊಡು ಎಂದಿದ್ದಳು. ಅಮ್ಮ ಬರ್ತಾರಾ ಎಂದೂ ಕೇಳಿದ್ದಳು.

"ದೋನಾ," ಎಂದಳು ನೆವೇನಾ. "ಅದನ್ನ ವಾಪಸ್ ಕೊಟ್ರೆ ತಗೋತಾಳಾ?"

ಮುದುಕಿ ಚಾಕು ಕೆಳಗಿಟ್ಟು ನೆವೇನಾಳ ಕಡೆ ತಿರುಗಿದಳು.

"ನಿಮ್ಮಮ್ಮ ಯಾವಾಗ ಬರ್ತಾರೆ ಕಂದಾ?"

"ಇವತ್ತೇ. ಇನ್ನೇನು... ಬಸ್ಸು ಬರೋ ಹೊತ್ತು."

"ಹಾಗಾದ್ರೆ ಎದ್ದು ಓಡು. ಕೊಡೆ ಹುಡುಕ್ಬೇಡ, ಓಡು. ನಾನು ಈ ಕತೆ ಶುರು ಮಾಡಿದಾಗಲೇ ಇಲ್ಜೆ ಮೆಟ್ಟಿಲಿಳಿದು ಬಸ್ಸಿನ ದಾರಿ ಹಿಡಿದ್ಲು, ನಿನ್ನ ಕೋಣೆಯಿಂದ ಕಾಪಾ ತಗೊಂಡು."