ಬೂದಿ ಬಣ್ಣದ ಕಾರಿಗೆ ಒಂದು ನಿಮಿಷ

ಪ್ರವಚನ ಮುಗಿಯಿತು ಅಂತ ಚಪ್ಪಲಿ ಹುಡುಕುತ್ತಾ ಇರೋರು ಹತ್ತು ನಿಮಿಷ ಕೂತುಕೊಳ್ಳಿ. ಪ್ರಸಾದ ಇನ್ನೂ ಒಲೆ ಮೇಲಿದೆ, ಈಗ ಹೋದರೂ ಅಲ್ಲಿ ನಿಂತು ಕಾಯಬೇಕು. ಅದರ ಬದಲು ಇಲ್ಲೇ ಕೂತು ಈ ಕಥೆ ಕೇಳಿಬಿಡಿ. ಪೂರ್ತಿ ಕೇಳಿ. ಅರ್ಧ ಕೇಳಿ ಎದ್ದರೆ ಕಾರಿನ ಕಥೆ ಅಂದುಕೊಳ್ಳುತ್ತೀರಿ. ಪೂರ್ತಿ ಕೇಳಿದರೆ ಯಾರ ಕಥೆ ಅಂತ ಗೊತ್ತಾಗುತ್ತದೆ, ಆಮೇಲೆ ನನ್ನ ಮೇಲೆ ಸಿಟ್ಟಾಗಬೇಡಿ.

ಒಂದೂರಲ್ಲಿ ಒಬ್ಬ ಸಾಹುಕಾರ. ಊರು ರಾಣೆಬೆನ್ನೂರು ಅಂತ ಇಟ್ಟುಕೊಳ್ಳಿ, ಸಾಹುಕಾರನ ಹೆಸರು ವಿರೂಪಾಕ್ಷಪ್ಪ ಅಂತ ಇಟ್ಟುಕೊಳ್ಳಿ. ಪೇಟೆಯಲ್ಲಿ ಸ್ಟೀಲ್ ಪಾತ್ರೆ ಅಂಗಡಿ. ಇವನು ಕಾರು ಕೊಳ್ಳುತ್ತಾನೆ ಅಂದಾಗ ಊರವರು ಏನಂದುಕೊಂಡರು? ಆನೆಯಂಥ ಕಾರು ಬರುತ್ತದೆ, ಹತ್ತೋದಕ್ಕೆ ಏಣಿ ಬೇಕಾಗುತ್ತದೆ ಅಂದುಕೊಂಡರು. ಬಂದದ್ದು ಏನು? ಹನ್ನೊಂದು ವರ್ಷ ಹಳೆಯದು. ಉದ್ದ ಬೆನ್ನಿನ, ಬೂದಿ ಬಣ್ಣದ, ಮನೆಮಂದಿಯೆಲ್ಲ ಕೂತು ಹಿಂದೆ ನಾಲ್ಕು ಹಂಡೆ ಇಡಬಹುದಾದ ಒಂದು ಕಾರು. ನೋಡಿ, ಹೇಗಿತ್ತು ಅಂದರೆ, ಸಂತೆಯ ದಿನ ನಿಲ್ಲಿಸಿ ಹೋದರೆ ವಾಪಸ್ ಬಂದ ಮಾಲೀಕನೇ ಅದನ್ನು ಎರಡು ಸಲ ದಾಟಿ ಮುಂದೆ ಹೋಗುತ್ತಿದ್ದ. ಅಷ್ಟು ಸಪ್ಪೆ.

ಹೆಂಡತಿಯ ತಮ್ಮ ಕೊಟ್ರೇಶ ಬಂದು ಸುತ್ತ ಒಂದು ರೌಂಡ್ ಹಾಕಿದ. ಅವನದು ಹೊಸದು, ಬಿಳಿ, ಆ ಏಣಿ ಕಾರು.

“ಭಾವ, ಇದನ್ನ ಅವರು ಮಾರಿದರೋ, ಇಟ್ಟಕೊಳ್ರಿ ಅಂತ ಕೈಮುಗದರೋ?”

ವಿರೂಪಾಕ್ಷಪ್ಪ ಮೀಸೆಯೊಳಗೇ ನಕ್ಕ. ಯಾಕೆ ನಕ್ಕ? ಒಳಗಿನ ಗುಟ್ಟು ಅವನಿಗೆ ಗೊತ್ತಿತ್ತು. ಕಾರು ಮಾರಿದವರು ಹುಬ್ಬಳ್ಳಿಯ ಒಬ್ಬ ನಿವೃತ್ತ ಭೂಗೋಳದ ಮೇಷ್ಟ್ರು. ತೋರಿಸೋದಕ್ಕೆ ಅಂತ ಬೈಪಾಸಿಗೆ ಕರೆದುಕೊಂಡು ಹೋಗಿ, ಖಾಲಿ ರಸ್ತೆಯಲ್ಲಿ ಒಂದೇ ಸಲ ಕಾಲು ಒತ್ತಿದ್ದರು. ವಿರೂಪಾಕ್ಷಪ್ಪನ ಟೋಪಿ ಹಿಂದಿನ ಸೀಟಿಗೆ ಹೋಗಿ ಕೂತಿತ್ತು. ಮೇಷ್ಟ್ರು ಮೆಲ್ಲಗೆ ಹೇಳಿದ್ದರು, “ಇದನ್ನ ಯಾರಿಗೂ ತೋರಿಸಾಕ ಹೋಗಬ್ಯಾಡ್ರಿ. ನಮಗ ಗೊತ್ತಿದ್ರ ಸಾಕು.”

ಅಷ್ಟು ಶಕ್ತಿ ಎಲ್ಲಿಂದ ಬಂತು? ಎಂಜಿನ್ ಪಕ್ಕದಲ್ಲಿ ಟರ್ಬೊ ಅಂತ ಒಂದು ಇರುತ್ತದೆ. ಬಸವನಹುಳುವಿನ ಆಕಾರ, ಒಳಗೆ ಪುಟ್ಟ ಫ್ಯಾನು. ಎಂಜಿನ್ನು ಬಿಡುವ ಹೊಗೆಯ ರಭಸಕ್ಕೇ ಅದು ತಿರುಗಿ ಎಂಜಿನ್ನಿಗೆ ಇನ್ನಷ್ಟು ಗಾಳಿ ತುರುಕುತ್ತದೆ. ಗಾಡಿ ಹಾರುತ್ತದೆ. ಆದರೆ ಆ ಹುಳು ರೊಟ್ಟಿ ಹಂಚಿನ ಹಾಗೆ ಕಾಯುತ್ತದೆ. ಜೋರಾಗಿ ಓಡಿಸಿ ಬಂದು ತಟ್ಟನೆ ಕೀಲಿ ತಿರುಗಿಸಿದರೆ ಎಣ್ಣೆ ಹರಿಯೋದು ನಿಂತು, ನಿಂತಲ್ಲೇ ಸೀದು ಕರಕಾಗುತ್ತದೆ. ಚಾಲೂ ಮಾಡಿದಾಗಲೂ ಆ ಎಣ್ಣೆ ಹುಳುವಿನವರೆಗೆ ಏರೋದಕ್ಕೆ ಸ್ವಲ್ಪ ಹೊತ್ತು ಬೇಕು. ಅದಕ್ಕೇ ಮೇಷ್ಟ್ರು ಸ್ಟಿಯರಿಂಗಿನ ಪಕ್ಕ ಒಂದು ಚೀಟಿ ಅಂಟಿಸಿದ್ದರು: ‘ಹೊರಡುವ ಮೊದಲು ಒಂದು ನಿಮಿಷ. ನಿಂತ ಮೇಲೆ ಒಂದು ನಿಮಿಷ.’

ಇಷ್ಟೇ. ಚಾಲೂ ಮಾಡಿ ಒಂದು ನಿಮಿಷ ಬಿಟ್ಟು ಹೊರಡು. ತಲುಪಿ ಒಂದು ನಿಮಿಷ ಬಿಟ್ಟು ಆರಿಸು.

ವಿರೂಪಾಕ್ಷಪ್ಪ ಇದನ್ನು ವ್ರತದ ಹಾಗೆ ಹಿಡಿದ. ವ್ರತದ ಹಾಗೆ ಅಂತ ಸುಮ್ಮನೆ ಹೇಳುತ್ತಿಲ್ಲ. ಅಂಗಡಿ ಮುಂದೆ ಕಾರು ನಿಂತರೆ ಒಳಗೆ ಬೆನ್ನು ನೆಟ್ಟಗೆ, ಕಣ್ಣು ಗಡಿಯಾರದ ಮೇಲೆ, ಬಾಯಲ್ಲಿ ಒಂದರಿಂದ ಅರವತ್ತು. ಹೊರಗಿನಿಂದ ನೋಡಿದವರಿಗೆ ಏನು ಕಾಣಿಸುತ್ತದೆ? ತುಟಿ ಅಲ್ಲಾಡೋದು ಕಾಣಿಸುತ್ತದೆ. ಸಾಹುಕಾರರು ಜಪ ಮಾಡ್ತಾರೆ ಅಂತ ಪೇಟೆಯಲ್ಲಿ ಸುದ್ದಿಯಾಯಿತು. ಎದುರಿನ ಬಟ್ಟೆ ಅಂಗಡಿಯವನು ತಾನೂ ಶುರು ಮಾಡಿದ, ಅವನದು ಸ್ಕೂಟರು. ಸ್ಟ್ಯಾಂಡ್ ಹಾಕಿ, ಸೀಟಿನ ಮೇಲೆ ಕಣ್ಣು ಮುಚ್ಚಿ ಒಂದು ನಿಮಿಷ. ಹಾಲಿನವನು ಸೈಕಲ್ ಮೇಲೆ ಒಂದು ನಿಮಿಷ ಕೂರೋಕೆ ಹೋಗಿ ಬಿದ್ದ. ವಿರೂಪಾಕ್ಷಪ್ಪನಿಗೆ ನಿಜ ಹೇಳುವ ಮನಸ್ಸಾಗಲಿಲ್ಲ. ನಮಸ್ಕಾರ ಬರುತ್ತಿತ್ತಲ್ಲ, ಯಾಕೆ ಹೇಳಬೇಕು?

ಕಾರಿನ ಆರೈಕೆಯನ್ನಂತೂ ಕೇಳಬೇಡಿ. ಐದು ಸಾವಿರ ಕಿಲೋಮೀಟರಿಗೆ ಎಂಜಿನ್ ಆಯಿಲ್. ಹಳೇ ಆಯಿಲನ್ನು ಬೆರಳಲ್ಲಿ ತಿಕ್ಕಿ ಮೂಸಿ ನೋಡೋನು. ಸೋಮವಾರ ಸೋಮವಾರ ಟೈರಿಗೆ ಗಾಳಿ. ಎಲ್ಲೋ ಟಿಕ್ ಟಿಕ್ ಅಂದರೆ ಮೆಕ್ಯಾನಿಕ್ ದಾವಲ್‌ಸಾಬನ ಮುಂದೆ ಹಾಜರು. ಅವನು ಬಗ್ಗಿ ನೋಡಿ, “ಸಾವ್ಕಾರ್ರ, ಗಾಡಿ ಚಲೋ ಐತ್ರಿ. ಟಿಕ್ ಟಿಕ್ ಅನ್ನೋದು ನಿಮ್ಮ ವಾಚು,” ಅಂತ ಹೇಳಿ ಕಳಿಸಿದ್ದೂ ಉಂಟು. ಇದೇ ಸಾಹುಕಾರನ ಶುಗರ್ ಟೆಸ್ಟಿನ ರಿಪೋರ್ಟು ಎರಡು ತಿಂಗಳಿಂದ ಕಪಾಟಿನಲ್ಲಿತ್ತು. ಲಕೋಟೆ ಒಡೆದಿರಲಿಲ್ಲ.

ಈಗ ಮನೆಗೆ ಬನ್ನಿ. ಮನೆಯಲ್ಲಿ ಹೆಂಡತಿ ನೀಲಕ್ಕ. ಸಂಜೆ ಕಾರು ಬಂದು ನಿಲ್ಲುತ್ತಿತ್ತು, ಒಂದು ನಿಮಿಷ ಗುರ್ ಅನ್ನುತ್ತಿತ್ತು, ತಣ್ಣಗಾಗಿ ಆರುತ್ತಿತ್ತು. ಕಾರು ತಣ್ಣಗಾಯಿತು. ಕಾರಿನೊಳಗಿದ್ದವನು? ಅವನು ಹೊಸ್ತಿಲು ದಾಟುವ ಮೊದಲೇ ಶುರು. ಗಿರಾಕಿ ಮೇಲಿನ ಸಿಟ್ಟು ಅವಳ ಮೇಲೆ, ಲಾರಿಯವನ ಮೇಲಿನ ಸಿಟ್ಟು ಅವಳ ಮೇಲೆ. ಫ್ಯಾನ್ ಯಾಕ ಹಾಕಿಲ್ಲ, ಚಾ ಯಾಕ ಆಗಿಲ್ಲ, ಈ ಬಕೆಟ್ ಇಲ್ಲ್ಯಾಕ ಐತಿ. ಕಾರು ಬಂದು ನಾಲ್ಕು ವರ್ಷ, ದಿನಾ ಹೀಗೇ. ಕೇಳ್ತಾ ಇದ್ದೀರಾ? ಹಿಂದಿನ ಸಾಲಿನ ಅಣ್ಣಾವ್ರು ಯಾಕೋ ತಲೆ ತಗ್ಗಿಸಿದರು. ಇರಲಿ.

ಕೊಟ್ರೇಶನ ಮಗನ ಮದುವೆ ಗೊತ್ತಾಯಿತು. ಹೆಣ್ಣಿನ ಊರು ಹಾವೇರಿ, ಕಲ್ಯಾಣ ಮಂಟಪವೂ ಅಲ್ಲೇ. ಅಕ್ಕಿಕಾಳು ಹಾಕುವ ಹೊತ್ತು, ಅಂದರೆ ಮುಹೂರ್ತ, ಹನ್ನೆರಡೂ ಮೂವತ್ತಮೂರಕ್ಕೆ. ಆ ಮನೆತನದಲ್ಲಿ ಒಂದು ಪದ್ಧತಿ. ಗಂಡಿನ ಸೋದರತ್ತೆ ತಾಳಿಯನ್ನು ಮೂರು ದಿನ ತನ್ನ ಮನೆಯ ದೇವರ ಜಗಲಿಯ ಮೇಲಿಟ್ಟು ಪೂಜೆ ಮಾಡಿ, ತನ್ನ ಕೈಯಾರೆ ತಂದುಕೊಡಬೇಕು. ಸೋದರತ್ತೆ ಅಂದರೆ ಯಾರು? ನಮ್ಮ ನೀಲಕ್ಕ. ತಾಳಿ ಅವಳ ಜವಾಬ್ದಾರಿ. ಅದು ತಪ್ಪಿದರೆ ತವರಿನಲ್ಲಿ ಅವಳು ತಲೆಯೆತ್ತುವ ಹಾಗಿಲ್ಲ.

ಮದುವೆ ದಿನ ಬೆಳಿಗ್ಗೆ ವಿರೂಪಾಕ್ಷಪ್ಪ ಕಾರು ಚಾಲೂ ಮಾಡಿದ. ಒಂದು ನಿಮಿಷ ಎಣಿಸಿದ. ಆಮೇಲೆ ಹಾರ್ನ್.

“ನೀಲಾ, ನಿಮಿಷ ಆತು, ಎಂಜಿನ್ ಕಾದೈತಿ. ಒಳಗ ಏನ ಮಾಡಾಕತ್ತಿ? ಕಾರು ನಿನಗ ಕಾಯಬೇಕನು?”

ಮತ್ತೆ ಹಾರ್ನ್. ಮತ್ತೆ ಕೂಗು. ಅವಳು ಹೂವಿನ ಬುಟ್ಟಿ ಒಂದು ಕೈಲಿ, ಸೀರೆ ಚೀಲ ಒಂದು ಕೈಲಿ, ಬಾಯಲ್ಲಿ ಸೇಫ್ಟಿ ಪಿನ್ನು, ಬಾಗಿಲು ಎಳೆದು ಓಡಿ ಬಂದಳು. ತಾಳಿಯ ಡಬ್ಬಿ ಎಲ್ಲಿ ಉಳಿಯಿತು? ನೀವೇ ಹೇಳಿ.

ಗೊತ್ತಾದದ್ದು ಮಂಟಪದಲ್ಲಿ, ಹನ್ನೊಂದೂ ಮೂವತ್ತೈದಕ್ಕೆ. ನೀಲಕ್ಕ ಬುಟ್ಟಿ ಬೋರಲು ಹಾಕಿದಳು, ಚೀಲ ಕೊಡವಿದಳು, ತಾಳಿಯ ಡಬ್ಬಿ ಇಲ್ಲ. ಹೆಣ್ಣಿನ ಕಡೆಯವರು ಪರಸ್ಪರ ಮುಖ ನೋಡಿಕೊಂಡರು. ಕೊಟ್ರೇಶನ ಏಣಿ ಕಾರು ಮೆರವಣಿಗೆಗೆ ಅಂತ ಗಾಜು ಕಾಣದ ಹಾಗೆ ಹೂ ಹೊದ್ದು ನಿಂತಿತ್ತು. ವಿರೂಪಾಕ್ಷಪ್ಪ ಕೀಲಿ ತೆಗೆದ. “ಬಾ ನೀಲಾ.”

ಕೊಟ್ರೇಶ ಹಣೆ ಚಚ್ಚಿಕೊಂಡ. “ಭಾವ, ಆ ಡಬ್ಬಿ ಗಾಡ್ಯಾಗ ಹೋಗಿ ಬರೂದ್ರಾಗ ಹುಡುಗಗ ಮೊಮ್ಮಕ್ಕಳಾಗತಾವ.”

ಹೋಗಿ ಬರೋದು ಎಷ್ಟು? ಹತ್ತಿರ ಹತ್ತಿರ ಎಪ್ಪತ್ತು ಕಿಲೋಮೀಟರ್. ನೋಡಿ, ಮುಂದಿನದನ್ನು ನೀವು ಮಾಡಬೇಡಿ, ನಾನು ಹೇಳಿಕೊಟ್ಟೆ ಅನ್ನಬೇಡಿ. ಹೆದ್ದಾರಿ ಖಾಲಿಯಿತ್ತು. ವಿರೂಪಾಕ್ಷಪ್ಪ ಮೇಷ್ಟ್ರನ್ನು ನೆನೆದು ಕಾಲು ಒತ್ತಿದ. ಬಸವನಹುಳು ಸುಂಯ್ ಅಂತು. ನಾಲ್ಕು ವರ್ಷ ಪಾತ್ರೆ ಹೊತ್ತಿದ್ದ ಬೂದಿ ಬಣ್ಣದ ಸಪ್ಪೆ ಗಾಡಿ ಎದ್ದಿತು. ಬಸ್ಸನ್ನು ದಾಟಿದಾಗ ಕಂಡಕ್ಟರು ಟಿಕೆಟ್ ಹರಿಯೋದು ಬಿಟ್ಟು ನೋಡಿದ. ಕಪ್ಪು ಕನ್ನಡಕ ಹಾಕಿಕೊಂಡು ಬೈಕಿನಲ್ಲಿ ಹೊರಟಿದ್ದ ಒಬ್ಬ ತರುಣ ತನ್ನ ಬೈಕೇ ಕೆಟ್ಟಿತೇನೋ ಅಂತ ಪಕ್ಕಕ್ಕೆ ನಿಲ್ಲಿಸಿದ. ಇಷ್ಟಾದರೂ ಒಳಗೆ ಸದ್ದಿಲ್ಲ, ಕುಲುಕಾಟವಿಲ್ಲ. ನೀಲಕ್ಕನ ಕಣ್ಣು ಗಡಿಯಾರದ ಮೇಲೆ.

ಡಬ್ಬಿ ದೇವರ ಮುಂದೆ ಇಟ್ಟಲ್ಲೇ ಇತ್ತು. ಅವಳು ಎತ್ತಿಕೊಂಡು ಬಂದರೆ ಇವನು ಕೈಯಿಂದ ಕಸಿದುಕೊಂಡ. “ನಿನ್ನ ಕೈಯಾಗ ಕೊಟ್ರ ಮತ್ತ ಎಲ್ಲೋ ಇಡತಿ,” ಅಂದು ತನ್ನ ಒಳಜೇಬಿಗೆ ಹಾಕಿ, ಮೇಲೆ ಸೀಟ್ ಬೆಲ್ಟ್ ಬಿಗಿದುಕೊಂಡ. ವಾಪಸ್ ಸುಂಯ್.

ಮಂಟಪದ ಮುಂದೆ ಕಾರು ನಿಂತಾಗ ಗಡಿಯಾರದಲ್ಲಿ ಎಷ್ಟು? ಹನ್ನೆರಡೂ ಮೂವತ್ತೊಂದು. ಇನ್ನು ಎರಡೇ ನಿಮಿಷ. ನೀಲಕ್ಕ ಕೈ ಚಾಚಿದಳು. ವಿರೂಪಾಕ್ಷಪ್ಪ ಬೆನ್ನು ನೆಟ್ಟಗೆ ಮಾಡಿದ, ಒಂದು ಬೆರಳು ಎತ್ತಿದ.

“ಇರು. ಒಂದು ನಿಮಿಷ.”

ಆಯ್ತಾ? ತಾಳಿ ಜೇಬಿನಲ್ಲಿ, ಎಂಜಿನ್ ಚಾಲೂ, ಬೆರಳು ಮೇಲೆ. ಅವನ ತಲೆಯಲ್ಲಿ ಏನು ಓಡುತ್ತಿತ್ತು ಗೊತ್ತಾ? ಇಷ್ಟು ಜೋರಾಗಿ ಈ ಗಾಡಿ ಯಾವತ್ತೂ ಓಡಿಲ್ಲ, ಹುಳು ಕೆಂಡವಾಗಿರುತ್ತದೆ, ಇವತ್ತು ಒಂದು ಸಾಲದು, ಎರಡು ನಿಮಿಷವೇ ಬೇಕು. ಅಲ್ಲಿಯತನಕ ಡಬ್ಬಿ ಇವಳ ಕೈಗೆ ಬೇಡ, ಮತ್ತೆ ಎಲ್ಲೋ ಇಟ್ಟುಬಿಡುತ್ತಾಳೆ.

ಹೊರಗೆ ಜನ ಓಡಿ ಬಂದರು. ಕೊಟ್ರೇಶ ಗಾಜು ಬಡಿಯೋದಕ್ಕೆ ಕೈ ಎತ್ತಿದ. ಅಷ್ಟರಲ್ಲಿ ರಾಣೆಬೆನ್ನೂರಿನ ಬಟ್ಟೆ ಅಂಗಡಿಯವನು ಅವನ ಕೈ ಹಿಡಿದ. “ಸುಮ್ಮಕಿರ್ರಿ. ಜಪ ನಡದೈತಿ.” ವಾಲಗದವರು ವಾಲಗ ನಿಲ್ಲಿಸಿದರು. ಇಬ್ಬರು ಅಜ್ಜಿಯರು ಕಾರಿಗೆ ಕೈ ಮುಗಿದರು. ಮಂಟಪದೊಳಗಿಂದ ಪಂಚಾಂಗ ಹಿಡಿದು ಓಡಿ ಬಂದ ಅಯ್ಯನವರು, ಎಲ್ಲರೂ ಕೈ ಮುಗಿದಿದ್ದಾರಲ್ಲ ಅಂತ ತಾವೂ ಕೈ ಮುಗಿದರು.

ಒಳಗೆ ನೀಲಕ್ಕ ಮೆಲ್ಲಗೆ ಮಾತಾಡಿದಳು. ಕೂಗಲಿಲ್ಲ.

“ನಾಲ್ಕು ವರ್ಷ ಆತ್ರಿ ನೋಡಾಕತ್ತು. ದಿನಾ ಸಂಜೀಕ ಬಾಗಿಲದಾಗ ಇದಕ್ಕ ಒಂದು ನಿಮಿಷ ಕೊಡತೀರಿ. ನನಗೊಂದು ಕೊಟ್ಟಿದ್ರ ಆ ಡಬ್ಬಿ ಮರೀತಿದ್ನನು? ಇವತ್ತ ನನ್ನ ಮರ್ಯಾದಿ ನಿಮ್ಮ ಜೇಬಿನ್ಯಾಗ ಐತಿ. ಈ ಒಂದು ನಿಮಿಷ ಕಾರಿಗೆ ಕೊಡತೀರೋ, ನನಗ ಕೊಡತೀರೋ, ನೀವಽ ನೋಡ್ರಿ.”

ವಿರೂಪಾಕ್ಷಪ್ಪನ ಎಣಿಕೆ ಇಪ್ಪತ್ತೇಳಕ್ಕೆ ನಿಂತಿತು. ಒಂದು ಕೈ ಕೀಲಿಯ ಮೇಲೆ. ತಿರುಗಿಸಿದರೆ ಹುಳು ಸುಡುತ್ತದೆ. ತಿರುಗಿಸದಿದ್ದರೆ ಮನೆ ಸುಡುತ್ತದೆ.

ಟಕ್ ಟಕ್. ಗಾಜಿನಾಚೆ ಮದುವೆಗೆ ಅಂತ ಬಂದಿದ್ದ ದಾವಲ್‌ಸಾಬ. ಗಾಜು ಇಳಿಯಿತು. ಅವನು ಕಾರಿನ ಸದ್ದು ಕೇಳಿದ, ಎತ್ತಿದ ಬೆರಳು ನೋಡಿದ, ನೀಲಕ್ಕನ ಮುಖ ನೋಡಿದ. ಎಲ್ಲ ಅರ್ಥವಾಯಿತು.

“ಸಾವ್ಕಾರ್ರ, ಎಂಜಿನ್ ತನ್ನಷ್ಟಕ್ಕ ತಾನಽ ತಣ್ಣಗಾಗತೈತಿ. ಅದಕ್ಕ ನೀವು ಒಳಗ ಕುಂದರಬೇಕಂತ ಯಾರು ಹೇಳ್ಯಾರ?”

ವಿರೂಪಾಕ್ಷಪ್ಪ ಚೀಟಿ ನೋಡಿದ. ಹೊರಡುವ ಮೊದಲು ಒಂದು ನಿಮಿಷ, ನಿಂತ ಮೇಲೆ ಒಂದು ನಿಮಿಷ. ಕೂತಿರು ಅಂತ ಎಲ್ಲೂ ಬರೆದಿರಲಿಲ್ಲ. ನಾಲ್ಕು ವರ್ಷ, ದಿನಕ್ಕೆ ಆರು ಸಲ, ಸುಮ್ಮನೆ ಕೂತಿದ್ದ.

ಬೆಲ್ಟ್ ಬಿಚ್ಚಿದ. ಡಬ್ಬಿ ತೆಗೆದು ಅವಳ ಎರಡೂ ಕೈಯಲ್ಲಿ ಇಟ್ಟ. “ನೀನಽ ಒಯ್ಯಿ. ಓಡು.” ಅವಳು ಓಡಿದಳು, ಹಿಂದೆ ಇವನು ಓಡಿದ, ಇವನ ಹಿಂದೆ ಅಯ್ಯನವರು. ಕಾರು ಯಾರೂ ಇಲ್ಲದೆ ಗುರ್ ಅಂತ ನಿಂತೇ ಇತ್ತು. ಹೊತ್ತಿಗೆ ಸರಿಯಾಗಿ ಅಕ್ಕಿಕಾಳು ಬಿತ್ತು. ಎಲೆಯ ಮುಂದೆ ಕೂತಾಗ ದಾವಲ್‌ಸಾಬ ಕೀಲಿ ತಂದುಕೊಟ್ಟು, “ತಣ್ಣಗಾತ್ರಿ,” ಅಂದ. ಕೊಟ್ರೇಶ ಜಿಲೇಬಿ ಹಿಡಿದು ಪಕ್ಕಕ್ಕೆ ಬಂದ. “ಭಾವ, ಆ ಡಬ್ಬಿ ಗಾಡಿ ಮಾರೂದಿದ್ರ ಮೊದಲು ನನಗ ಹೇಳ್ರಿ.”

ಸಂಜೆ ಮನೆ ಮುಂದೆ ಕಾರು ನಿಂತಿತು. ಎಂಜಿನ್ನನ್ನು ಅದರ ಪಾಡಿಗೆ ಬಿಟ್ಟು ವಿರೂಪಾಕ್ಷಪ್ಪ ಇಳಿದ. ಇಳಿದು ಬಾಗಿಲ ಕಟ್ಟೆಯ ಮೇಲೆ ಕೂತ. ಬಾಗಿಲು ತೆಗೆದು ಒಳಗೆ ಹೋದ ನೀಲಕ್ಕ ತಿರುಗಿ ನೋಡಿದಳು.

“ಹೊರಗ್ಯಾಕ ಕುಂತ್ರಿ?”

“ತಣ್ಣಗಾಗಾಕತ್ತೀನಿ.”

“ಎಷ್ಟೊತ್ತು?”

“ಚೀಟ್ಯಾಗ ಒಂದು ನಿಮಿಷ ಅಂತ ಐತಿ.”

“ಅದು ಕಾರಿಗೆ. ನಿಮಗ ಐದಾದ್ರೂ ಬೇಕು. ಕುಂತಿರ್ರಿ, ಚಾ ತರತೀನಿ.”

ನಕ್ಕಿರಿ. ಒಳ್ಳೆಯದು. ಈಗ ನಿಮ್ಮ ಕಡೆಗೆ ಬರುತ್ತೇನೆ. ಕಾರು ಇಲ್ಲದವರೂ ತಪ್ಪಿಸಿಕೊಳ್ಳಬೇಡಿ, ಹುಳು ಎಲ್ಲರೊಳಗೂ ಇದೆ. ಹೊರಗೆ ಬೂದಿ ಬಣ್ಣ, ಒಳಗೆ ಕೆಂಡ. ಬೈಕಿನ ಆಯಿಲ್ ಯಾವಾಗ ಬದಲಿಸಿದಿರಿ ಅಂದರೆ ತಾರೀಖು ಸಮೇತ ಹೇಳುತ್ತೀರಿ. ಮನೆಯವರ ಜೊತೆ ತಣ್ಣಗೆ ಕೂತು ಮಾತಾಡಿದ್ದು ಯಾವಾಗ ಅಂದರೆ ಮೇಲೆ ನೋಡುತ್ತೀರಿ. ನೋಡಿ, ಫ್ಯಾನು ನೋಡ್ತಾ ಇದ್ದೀರಿ.

ನಾಳೆಯಿಂದ ಒಂದೇ ಕೆಲಸ ಮಾಡಿ. ಅಂಗಡಿಯಿಂದ ಬನ್ನಿ, ಆಫೀಸಿನಿಂದ ಬನ್ನಿ, ಹೊಲದಿಂದ ಬನ್ನಿ. ಚಪ್ಪಲಿ ಬಿಟ್ಟ ಜಾಗದಲ್ಲೇ ಒಂದು ನಿಮಿಷ ನಿಂತುಕೊಳ್ಳಿ. ಒಂದರಿಂದ ಅರವತ್ತು. ಆಮೇಲೆ ಬಾಯಿ ತೆರೆಯಿರಿ. ಹೊರಡುವಾಗಲೂ ಅಷ್ಟೇ, ಹಾರ್ನ್ ಹೊಡೆಯೋ ಬದಲು ಒಳಗೆ ಹೋಗಿ ಒಂದು ಚೀಲ ಎತ್ತಿಕೊಳ್ಳಿ. ಇದಕ್ಕೆ ದೀಕ್ಷೆ ಬೇಕಿಲ್ಲ, ಪೂಜೆ ಸಾಮಾನು ಬೇಕಿಲ್ಲ. ಅಮ್ಮಂದಿರೂ ಬರೀ ನಗಬೇಡಿ, ಗಂಡ ಹೊಸ್ತಿಲಿಗೆ ಬಂದ ಕೂಡಲೇ ನಲ್ಲಿ ಸೋರೋದನ್ನು ಹೇಳೋದಿದ್ದರೆ ಆ ನಿಮಿಷ ನಿಮಗೂ ಇದೆ.

ಪ್ರಸಾದದ ಗಂಟೆ ಬಾರಿಸಿದರು, ನನಗೂ ಕೇಳಿಸಿತು. ಏಳುವ ಮೊದಲು ಒಂದೇ ಒಂದು. ಗಾಜು ತಟ್ಟೋದಕ್ಕೆ ಪ್ರತಿಯೊಬ್ಬರಿಗೂ ಒಬ್ಬ ದಾವಲ್‌ಸಾಬ ಬರೋದಿಲ್ಲ. ಅವನು ಬರಲಿಲ್ಲ ಅಂತಲೇ ಇಟ್ಟುಕೊಳ್ಳಿ. ಹನ್ನೆರಡೂ ಮೂವತ್ತೊಂದು. ಜೇಬಿನಲ್ಲಿ ತಾಳಿ, ಕೈ ಕೀಲಿ ಮೇಲೆ, ಪಕ್ಕದ ಸೀಟಿನಲ್ಲಿ ನಾಲ್ಕು ವರ್ಷದಿಂದ ಒಂದು ನಿಮಿಷಕ್ಕೆ ಕಾದವಳು. ವಿರೂಪಾಕ್ಷಪ್ಪನ ಸೀಟಿನಲ್ಲಿ ನೀವಿದ್ದಿದ್ದರೆ ಏನು ಮಾಡುತ್ತಿದ್ದಿರಿ?