ಕಮಲಾಪುರದ ಹಲೀಮಾ ತಂದ ಸುದ್ದಿ

ಸಭೆಯ ಅಧ್ಯಕ್ಷರಾದ ತಹಸೀಲ್ದಾರ ಸಾಹೇಬರೇ, ವೇದಿಕೆಯ ಮೇಲಿನ ಹಿರಿಯರೇ, ಗುಲಬರ್ಗಾ ದನದ ದವಾಖಾನೆಯ ನನ್ನ ಜೊತೆಗಾರರೇ, ಕಮಲಾಪುರದಿಂದ ಬಿಸಿಲಲ್ಲಿ ಬಂದ ಸಭಿಕರೇ,

ನೌಕರಿ ಮುಗಿಸಿ, ವಜೀಫಾ ಎಂಬ ಪಿಂಚಣಿ ಪಡೆದು ಮನೆಗೆ ಹೊರಟ ಈ ಅಣವೀರಪ್ಪನನ್ನು ಬಹಳ ಹೊಗಳಿದಿರಿ. 'ಕೋಳಿ ಡಾಕ್ಟರ' ಎಂದಿರಿ. ಲಿಂಗ ಕಟ್ಟಿಕೊಂಡ ಮನೆತನದವನು ನಾನು. ಕೋಳಿ ಮುಟ್ಟಿ ಬಂದಾಗಲೆಲ್ಲ ಹೆಂಡತಿ ಶಿವಕಾಂತಮ್ಮ ಅಂಗಳದಲ್ಲೇ ನೀರು ಸುರಿಯುತ್ತಿದ್ದಳು. ಈ ಶಹರದಲ್ಲಿ ನನ್ನಷ್ಟು ಸ್ನಾನ ಮಾಡಿದವರು ಯಾರಿದ್ದಾರೆ?

ಆದರೆ ನಿಮ್ಮ ಹೊಗಳಿಕೆಯನ್ನು ನಾನು ತಿದ್ದಬೇಕಾಗಿದೆ.

ಐದು ವರ್ಷದ ಹಿಂದಿನ ಮಾತು. ಕೋಳಿಗಳನ್ನು ಹಿಂಡುಹಿಂಡಾಗಿ ಕೊಲ್ಲುವ ರಾಣಿಖೇತ ರೋಗದ ಭಯವಿತ್ತು. ಕೋಳಿಯಾಗಲಿ ಕಾಡಹಕ್ಕಿಯಾಗಲಿ, ಎಲ್ಲಿ ಸತ್ತರೂ ಪ್ರತಿ ವಾರ ಬರೆದು ಕಳಿಸಬೇಕೆಂದು ನನಗೆ ಹುಕುಂ. ಊರೂರಿನಿಂದ ಬರುತ್ತಿದ್ದ ಉತ್ತರ ಒಂದೇ: ಖೈರಿಯತ್, ಎಲ್ಲ ಸೌಖ್ಯ. ನಾನೂ ಅದನ್ನೇ ಮೇಲಕ್ಕೆ ಬರೆಯುತ್ತಿದ್ದೆ. ಒಮ್ಮೆ ಕಮಲಾಪುರದ ಸಂತೆಯ ದಿನ ನಾನು ಅಲ್ಲಿನ ಚಾವಡಿಯಲ್ಲಿ ಕುಳಿತಿದ್ದಾಗ ಹಲೀಮಾ ಬಂದಳು. ಗಂಡ ತೀರಿದ ಮೇಲೆ ಕೋಳಿ ಸಾಕಿ ಬದುಕುತ್ತಿದ್ದ ಹೆಣ್ಣುಮಗಳು.

"ಡಾಕ್ಟರ್ ಸಾಬ್, ಬಾಳಿ ತ್ವಾಟದಾಗ ಬೆಳವಕ್ಕಿ ಸತ್ತು ಬೀಳಾಕತ್ತಾವ್ರೀ. ನನ್ನ ಎರಡು ಕೋಳಿನೂ ಕುತ್ತಿಗಿ ತಿರುವಾಕತ್ತಾವ. ಒಂದ್ಸಲ ಬಂದು ನೋಡ್ರೀ."

"ಬ್ಯಾಸಗ್ಯಾಗ ಹಕ್ಕಿ ಸಾಯ್ತಾವ, ಹೋಗವ್ವ" ಎಂದೆ. ಕುರ್ಚಿಯಿಂದ ಏಳಲೂ ಇಲ್ಲ.

ಎಂಟೇ ದಿನ. ಕಮಲಾಪುರ ದಾಟಿ ರೋಗ ಮಹಾಗಾಂವಕ್ಕೂ ಹೋಯಿತು. ಬೆಳಗಾದರೂ ಒಂದು ಹುಂಜ ಕೂಗದ ಊರು ಹೇಗಿರುತ್ತದೆ, ಬಲ್ಲಿರಾ? ತನಿಖೆಗೆ ಕಮಲಾಪುರಕ್ಕೆ ಬಂದ ಮೇಲಧಿಕಾರಿಗಳು ಕೇಳಿದರು: "ಮೊದಲೇ ಸುದ್ದಿ ಬರಲಿಲ್ಲವೇ?"

"ಇಲ್ಲ ಹುಜೂರ್" ಎಂದೆ.

ಹಲೀಮಾ ಅಲ್ಲೇ, ಖಾಲಿ ಕೋಳಿಬುಟ್ಟಿ ಹಿಡಿದು ನಿಂತಿದ್ದಳು. ನನ್ನ ಮುಖ ನೋಡಿದಳು. ಬುಟ್ಟಿಯನ್ನು ಕಂಕುಳಿಗೆ ಸೇರಿಸಿ ಮನೆಯ ಕಡೆ ನಡೆದಳು.

ಮರುವರ್ಷ ಮತ್ತೆ ಬಂದಳು, ಸತ್ತ ಗೊರವಂಕವನ್ನು ಎಲೆಯಲ್ಲಿ ಸುತ್ತಿಕೊಂಡು. ಈ ಸಲ ನಾನು ಅವಳ ಹಿಂದೆಯೇ ಓಡಿದೆ. ಅಂದೇ ಸಂತೆಯಲ್ಲಿ ಕೋಳಿ ಮಾರಾಟ ನಿಲ್ಲಿಸಿದೆವು. ಉರುಸಿಗೆಂದು ರೋಜಾದ ದರ್ಗಾದ ಕಡೆ ಹೊರಟಿದ್ದ ಕೋಳಿ ಗಾಡಿಗಳನ್ನು ತಿರುಗಿಸಿದೆವು. ಸತ್ತದ್ದು ಹನ್ನೊಂದು ಕೋಳಿ, ಅಷ್ಟೂ ಅವಳವೇ. ಬೇರೆ ಯಾರ ಮನೆಯದೂ ಸಾಯಲಿಲ್ಲ. ಹೆಸರು ಮಾತ್ರ ನನಗೆ ಬಂತು.

ಅಂದು ಅವಳನ್ನು ಕೇಳಿದೆ: "ನಾ ಸುಳ್ಳು ಹೇಳಿದ್ದು ಗೊತ್ತಿದ್ದೂ ಮತ್ತ ನನ್ನ ಕಡೇನ ಯಾಕ ಬಂದಿ?"

"ಕೋಳಿಗಿ ಬಾಯಿ ಇಲ್ಲಲ್ರೀ ಸಾಬ್. ನಾ ಸಿಟ್ಟು ಮಾಡ್ಕೊಂಡು ಕುಂತ್ರ ಅವು ಯಾರಿಗಿ ಹೇಳ್ಬೇಕು?"

ಅಧ್ಯಕ್ಷರೇ, ಆ ಮೊದಲ ವರ್ಷ ಸುದ್ದಿ ಎಂಟು ದಿನ ಮೊದಲೇ ಬಂದಿತ್ತು. ತಂದವಳು ಅಗೋ, ಬಾಗಿಲ ಬಳಿ ನಿಂತಿರುವ ಆ ಹೆಣ್ಣುಮಗಳು. ಅವಳನ್ನು ಹೊರಗೆ ಕಳಿಸಿದವನು ನಾನು.

ಹಲೀಮಾ, ತಂಗೀ, ನಂದು ತಪ್ಪಾಗ್ಯಾದ. ನಾಲ್ಕು ಮಂದಿ ಎದುರಿಗಿ ಇದನ್ನ ಹೇಳಾಕ ಇಷ್ಟು ವರ್ಷ ಹಿಡೀತು. ಅಳಬ್ಯಾಡವ್ವ. ನೀ ಅತ್ತರ ನನಗ ಮುಂದ ಮಾತಾಡಾಕ ಆಗೂದಿಲ್ಲ.

ಸಭಿಕರೇ, ಇಷ್ಟು ಹೊತ್ತು ಕೇಳಿದಿರಿ, ದೊಡ್ಡ ಉಪಕಾರವಾಯಿತು. ನಮಸ್ಕಾರ.